ವ್ರತಕ್ಕೆ ರಜೆಯುಂಟೆ?

ಬೇಸಗೆಯ ರಜೆ ಸಮೀಪಿಸಿತೆಂದರೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಈ ಸಲ ಎಲ್ಲಿಗೆ? ಹಿಂದೆ ಇದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳ, ಹೊಂಬುಜ ಎಂದು ಯಾತ್ರೆ ಹೊರಡುತ್ತಿದ್ದೆವು. ಧರ್ಮಶಾಲೆಯಲ್ಲಿ ಒಂದು ಕೋಣೆ, ನೆಲದ ಮೇಲೆ ಜಮಖಾನ, ಸೂರ್ಯಾಸ್ತಕ್ಕೆ ಮುನ್ನ ಊಟ, ಬೆಳಗಾದರೆ ಬೆಟ್ಟ. ಊರಿನಲ್ಲಿಯೇ ಉಳಿದ ಮಕ್ಕಳಿಗೆ ಲಾಲ್‌ಬಾಗಿನ ಬಂಡೆಯಿತ್ತು, ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿತ್ತು. ಕಾರ್ತಿಕದ ಕೊನೆಯ ಸೋಮವಾರ ಬಂದರೆ ಕಡಲೆಕಾಯಿ ಪರಿಷೆಯಿತ್ತು.

ಕಾಲ ಬದಲಾಗಿದೆ. ಬದಲಾದುದನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ತಂದೆತಾಯಿಗಳು ಮಕ್ಕಳೊಡನೆ ಒಟ್ಟಿಗೆ ಆಡಬಹುದಾದ ತಾಣವೊಂದು ಬೇಕೆಂಬ ಯೋಚನೆಯಿಂದ ವಾಲ್ಟ್ ಡಿಸ್ನಿ ಅವರು 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡನ್ನು ತೆರೆದರು. ಅದೇ ವರ್ಷ ಅದರ ಬಳಿಯಲ್ಲಿ ತಂಗುವುದಕ್ಕೆ ಹೋಟೆಲೂ ಆಯಿತು. ನಮ್ಮ ದೇಶದಲ್ಲಿ ಮುಂಬಯಿಯ ಎಸ್ಸೆಲ್‌ವರ್ಲ್ಡ್ 1989ರಲ್ಲಿ ಪ್ರಾರಂಭವಾಯಿತು. ಮೈಸೂರು ರಸ್ತೆಯ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಬಂದಿತು. 2012ರಲ್ಲಿ ಅದರ ಆವರಣದಲ್ಲಿಯೇ ವಸತಿಗೃಹವೂ ಸಿದ್ಧವಾಯಿತು. ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳು ಇಂಥ ವಿಹಾರಧಾಮಗಳಲ್ಲಿ ಎರಡು ದಿನ ತಂಗಿ ಬರುತ್ತವೆ. ನಾವೂ ಹೋಗಿದ್ದೆವು. ಹೋದ ಸ್ಥಳದ ಹೆಸರು ಇಲ್ಲಿ ಮುಖ್ಯವಲ್ಲ. ಅಲ್ಲಿ ನಡೆದ ತಪ್ಪು ಆ ಸ್ಥಳದ್ದಲ್ಲ, ನನ್ನದು.

ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ. ಹಿಂದಿನ ದಶಲಕ್ಷಣ ಪರ್ವದಲ್ಲಿ ಅವನು ಬಸದಿಯಲ್ಲಿ ತಾನಾಗಿಯೇ ಒಂದು ನಿಯಮ ಹಿಡಿದಿದ್ದ: ಒಂದು ವರ್ಷ ಕಾಲ ರಾತ್ರಿಯ ಊಟ ಮಾಡುವುದಿಲ್ಲ ಎಂದು. ಯಾರೂ ಒತ್ತಾಯಿಸಿರಲಿಲ್ಲ. ಎಂಟು ತಿಂಗಳು ಅದು ನಡೆದುಕೊಂಡು ಬಂದಿತ್ತು. ಕಾರಿನಲ್ಲಿ ಹೋಗುವಾಗ ಅವನ ತಾಯಿ, "ಎರಡು ದಿನ ಅಲ್ಲಿ ಹೇಗೋ ಏನೋ, ಅನುಸರಿಸಿಕೊಂಡು ಹೋಗೋಣ" ಎಂದಳು. ಹುಡುಗ ನನ್ನ ಕಡೆ ತಿರುಗಿ, "ತಾತಾ, ವ್ರತಕ್ಕೂ ರಜೆ ಇರುತ್ತದೆಯೇ?" ಎಂದು ಕೇಳಿದ. ನಾನು ನಕ್ಕು ಸುಮ್ಮನಾದೆ.

ಆ ಸಂಜೆ ನೀರಾಟದ ಸಾಲುಗಳಲ್ಲಿ ನಿಂತು ಹೊತ್ತು ಹೋದುದೇ ತಿಳಿಯಲಿಲ್ಲ. ಕೋಣೆಗೆ ಬಂದಾಗ ಸೂರ್ಯಾಸ್ತವಾಗಿತ್ತು. ಊಟದ ಮನೆ ತೆರೆದುದು ಏಳೂವರೆಗೆ. ಹುಡುಗ ದಣಿದಿದ್ದ, ಹಸಿದಿದ್ದ. ಆದರೂ ತಟ್ಟೆಯ ಮುಂದೆ ಕೈಕಟ್ಟಿ ಕುಳಿತಿದ್ದ. ಆಗ ನಾನೇ ಹೇಳಿದೆ: "ಉಣ್ಣು ಮಗು, ಒಂದು ದಿನಕ್ಕೆ ಏನೂ ಆಗುವುದಿಲ್ಲ." ಅವನು ಉಂಡ. ಐಸ್‌ಕ್ರೀಮನ್ನೂ ತಿಂದ. ಮಲಗುವಾಗ ನನ್ನೊಡನೆ ಮಾತನಾಡಲಿಲ್ಲ.

ನಮ್ಮ ಶಾಸ್ತ್ರಕಾರರು ಒಂದು ಕ್ರಿಯೆಯನ್ನು ಮೂರು ಬಗೆಯಾಗಿ ಎಣಿಸುತ್ತಾರೆ: ಕೃತ, ಕಾರಿತ, ಅನುಮೋದಿತ. ಮಾಡಿದವನು, ಮಾಡಿಸಿದವನು, ಒಪ್ಪಿ ತಲೆದೂಗಿದವನು ಮೂವರೂ ಅದರಲ್ಲಿ ಪಾಲುದಾರರು. ಉಂಡವನು ಹುಡುಗ, ಉಣ್ಣಿಸಿದವನು ನಾನು, ಸುತ್ತ ಕುಳಿತು ಹೌದೆಂದವರು ಮನೆಯವರೆಲ್ಲ. ಇವರಲ್ಲಿ ವ್ರತದ ಬಗ್ಗೆ ಕೊನೆಯವರೆಗೆ ಚಿಂತಿಸಿದವನು ಹುಡುಗನೊಬ್ಬನೇ.

ಮರುದಿನ ಬೆಳಗ್ಗೆ ನಾನು ಅಡುಗೆಮನೆಯ ಮೇಲ್ವಿಚಾರಕರನ್ನು ಕಂಡು, ಐದೂವರೆಯ ಹೊತ್ತಿಗೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಸರಳವಾದ ಊಟ ಸಾಧ್ಯವೇ ಎಂದು ಸಂಕೋಚದಿಂದ ಕೇಳಿದೆ. ಅವರು, "ಆಗಬಹುದು ಸ್ವಾಮಿ, ನಿಮ್ಮವರು ಬಂದಾಗ ಮಾಡಿಕೊಡುತ್ತೇವೆ. ನಿನ್ನೆಯೇ ಹೇಳಬಹುದಿತ್ತಲ್ಲ!" ಎಂದರು. ಹಿಂದಿನ ದಿನ ನಿಯಮವನ್ನು ಮುರಿದುದು ಸ್ಥಳವೂ ಅಲ್ಲ, ಕಾಲವೂ ಅಲ್ಲ. ನಾಲ್ಕು ಜನರ ಮುಂದೆ ನಮ್ಮ ಆಚಾರವನ್ನು ಹೇಳಿಕೊಳ್ಳಲು ನಾಚಿದ ನನ್ನ ನಾಲಗೆ ಅದನ್ನು ಮುರಿಯಿತು. ಇದನ್ನು ಮೊದಲು ಒಪ್ಪಿಕೊಂಡು ಮುಂದಿನ ವಿಚಾರಕ್ಕೆ ಬರುತ್ತೇನೆ.

ಶ್ರಾವಕನು ಇಂಥ ಸ್ಥಳಗಳಿಗೆ ಹೋಗಬಹುದೇ ಎಂಬುದು ಮೊದಲ ಪ್ರಶ್ನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತದ ನಿರೂಪಣೆಯಿದೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಅನ್ನದ ಹಾಗೆ. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ, ವಸ್ತ್ರದ ಹಾಗೆ. ಇವುಗಳಿಗೆ ಮಿತಿ ಹಾಕಿಕೊಳ್ಳಬೇಕು. ಯಾವುವಕ್ಕೆ ಎಂದು ಆಚಾರ್ಯರು ಪಟ್ಟಿ ಕೊಡುತ್ತಾರೆ: ಭೋಜನ, ವಾಹನ, ಶಯನ, ಸ್ನಾನ, ಲೇಪನ, ಹೂವು, ತಾಂಬೂಲ, ಉಡುಗೆ, ಒಡವೆ, ಸಂಗೀತ, ಗೀತ ಮೊದಲಾದವು. ಇಂದಿನ ವಿಹಾರಧಾಮಗಳ ಪ್ರಚಾರಪತ್ರವನ್ನು ಎದುರಿಗಿಟ್ಟುಕೊಂಡು ಓದಿದರೆ ಈ ಪಟ್ಟಿಯಲ್ಲಿ ಬಿಟ್ಟುಹೋದುದು ಅಲ್ಪ. ಕಾಲದ ಮಿತಿಯನ್ನೂ ಅವರೇ ಹೇಳಿದ್ದಾರೆ: ಇಂದು, ಈ ಹಗಲು, ಈ ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು. ಕಾಲಮಿತಿಯಿಂದ ಹಿಡಿದುದು ನಿಯಮ, ಜೀವವಿರುವವರೆಗೆ ಹಿಡಿದುದು ಯಮ.

ಅಂದರೆ ಗೃಹಸ್ಥನು ಸುಖವಿರುವಲ್ಲಿಗೆ ಹೋಗುತ್ತಾನೆಂಬುದನ್ನು ಆಚಾರ್ಯರು ತಿಳಿದೇ ಈ ವ್ರತವನ್ನು ಬೋಧಿಸಿದರು. ಸುಖವೇ ಇಲ್ಲದ ಕಡೆ ಪರಿಮಾಣಕ್ಕೆ ಕೆಲಸವೆಲ್ಲಿ? ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು ನಮಗೆ ಅಭ್ಯಾಸಬಲದಿಂದಲೇ ನಡೆದುಹೋಗುತ್ತದೆ. ಮನೆಯಿಂದ ಹೊರಗೆ, ಎಲ್ಲವೂ ಕೈಗೆಟುಕುವಲ್ಲಿ, ಅದು ನಿಜವಾಗಿಯೂ ವ್ರತವಾಗುತ್ತದೆ. ಹುಡುಗನ ಪ್ರಶ್ನೆಗೆ ಕಾರಿನಲ್ಲಿಯೇ ನಾನು ಕೊಡಬೇಕಾಗಿದ್ದ ಉತ್ತರ ಇದು: ವ್ರತಕ್ಕೆ ರಜೆಯಿಲ್ಲ ಮಗು, ರಜೆಗೇ ವ್ರತ ಬೇಕು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅದೇ ಗ್ರಂಥದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಒಂದಾದ ಪ್ರಮಾದಚರ್ಯೆಯ ವಿವರಣೆಯಿದೆ. ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕಿ ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕೀಳುವುದು, ಸುಮ್ಮನೆ ಸುತ್ತುವುದು, ಸುತ್ತಿಸುವುದು. ಜಾರುಬಂಡೆ, ಅಲೆಗಳ ಕೊಳ, ಗಿರಗಿರನೆ ತಿರುಗುವ ಆಸನಗಳನ್ನು ನೋಡುತ್ತ ನಿಂತ ನನಗೆ ಈ ಮಾತುಗಳು ಬೇರೆ ಯಾವುದನ್ನೂ ಕುರಿತು ಹೇಳಿದಂತೆ ತೋರಲಿಲ್ಲ. ನೀರಿನಲ್ಲಿ ಜೀವವಿದೆಯೆಂದು ನಂಬಿ, ಸೋಸಿ ಕುಡಿಯುವ ಜನ ನಾವು. ಅಲ್ಲಿಯೂ ನೀರನ್ನು ಶೋಧಿಸಿ ಮತ್ತೆ ಮತ್ತೆ ಬಳಸುತ್ತಾರೆ. ಆದರೆ ಕ್ಲೋರಿನ್ ಬೆರೆಸುವುದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆ. ಈ ಭೇದವನ್ನು ಮರೆಯುವಂತಿಲ್ಲ.

ಆದರೆ ಆಚಾರ್ಯರ ಮಾತಿನಲ್ಲಿ 'ಫಲವಿಲ್ಲದೆ' ಎಂಬ ವಿಶೇಷಣವಿದೆ. ಮಗುವಿನ ಸಂತೋಷ ಫಲವಲ್ಲವೇ? ಮೊದಲ ಸಲ ಎತ್ತರದಿಂದ ಜಾರಿ ಬಂದು, ನೀರಿನಿಂದ ತಲೆಯೆತ್ತಿ, ನಮ್ಮನ್ನು ಹುಡುಕಿ ಕೈಬೀಸಿದ ಹುಡುಗನ ಮುಖವನ್ನು ಕಂಡ ಮೇಲೆ ಅದನ್ನು ನಿಷ್ಫಲವೆಂದು ಹೇಳುವ ಧೈರ್ಯ ನನಗಿಲ್ಲ. ವರ್ಷವೆಲ್ಲ ಪಾಠ, ಪರೀಕ್ಷೆ, ಟ್ಯೂಷನ್ನುಗಳಲ್ಲಿ ಬಳಲಿದ ಮಗುವಿಗೆ ಆಟ ಬೇಕು. ಕಚೇರಿಯಿಂದ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ತಂದೆ ಎರಡು ದಿನ ಮಗನ ಕೈಹಿಡಿದು ನಡೆದನಲ್ಲ, ಅದೂ ಒಂದು ಫಲವೇ.

ಹಾಗಾದರೆ ಅರ್ಥವೆಲ್ಲಿ ಮುಗಿದು ಅನರ್ಥವೆಲ್ಲಿ ತೊಡಗುತ್ತದೆ? ಇದಕ್ಕೆ ಸೂಚನೆ ನನಗೆ ದೊರೆತುದು ಸೊಸೆಯ ಒಂದು ಮಾತಿನಿಂದ. ಎರಡನೆಯ ದಿನ ಮಧ್ಯಾಹ್ನ ಹುಡುಗ ದಣಿದು ನೆರಳಿನಲ್ಲಿ ಕುಳಿತಿದ್ದ. ಅವಳು ಅವನನ್ನು ಎಬ್ಬಿಸಿ, "ಇನ್ನೂ ಎಷ್ಟೋ ಬಾಕಿ ಇವೆ, ಹೋಗು" ಎಂದಳು. ಇರಲಿ ಬಿಡಮ್ಮ ಎಂದೆ. "ದುಡ್ಡು ಕೊಟ್ಟಿದ್ದೇವಲ್ಲ ಮಾವ, ಯಾಕೆ ಬಿಡಬೇಕು?" ಎಂದಳು. ಅವಳದು ಲೋಭದ ಮಾತಲ್ಲ. ಸಂಬಳದ ಹಣವನ್ನು ಎಣಿಸಿ ಖರ್ಚುಮಾಡುವ ಗೃಹಿಣಿಯ ಮಾತು. ಆದರೂ ಇಡೀ ವ್ಯವಸ್ಥೆಯ ಮರ್ಮ ಅದರಲ್ಲಿತ್ತು.

ಡಿಸ್ನಿಲ್ಯಾಂಡಿನಲ್ಲಿ ಮೊದಮೊದಲು ಪ್ರತಿಯೊಂದು ಆಟಕ್ಕೂ ಬೇರೆ ಬೇರೆ ಚೀಟಿಗಳಿದ್ದುವು. ಚೀಟಿಗಳ ಪುಸ್ತಕವನ್ನು ಕೊಳ್ಳಬೇಕಾಗಿತ್ತು. ಯಾವುದು ಬೇಕು, ಯಾವುದು ಬೇಡ ಎಂದು ಮಕ್ಕಳು ಆರಿಸಿಕೊಳ್ಳಬೇಕಾಗಿತ್ತು. ಆ ಕ್ರಮ 1982ರಲ್ಲಿ ಕೊನೆಗೊಂಡಿತು. ಅಂದಿನಿಂದ ಒಂದೇ ಟಿಕೆಟ್ಟು, ಬೇಕಾದಷ್ಟು ಆಟ. ಈಗ ನಮ್ಮಲ್ಲಿಯೂ ಬಹುಮಟ್ಟಿಗೆ ಇದೇ ಪದ್ಧತಿ. ಹೋಟೆಲಿನ ಬಫೆ ಊಟವೂ ಇದೇ ಜಾತಿಯದು. ಚೀಟಿಯಿದ್ದಾಗ 'ಇಷ್ಟು ಸಾಕು' ಎಂಬ ವಿವೇಕಕ್ಕೆ ಒಂದು ಗುರುತಿತ್ತು. ಈಗ ಕೊಟ್ಟ ಹಣವೇ ನಮ್ಮನ್ನು ಬೆನ್ನಟ್ಟುತ್ತದೆ. ಹಸಿವು ತೀರಿದ ಮೇಲೂ ತಟ್ಟೆ ತುಂಬುತ್ತೇವೆ, ದಣಿದ ಮಗುವನ್ನು ಎಬ್ಬಿಸುತ್ತೇವೆ. ನಮ್ಮ ಮೇಜಿನ ಮೇಲೆಯೇ ಆ ದಿನ ಅರ್ಧ ತಿಂದು ಬಿಟ್ಟ ಮೂರು ತಟ್ಟೆಗಳಿದ್ದುವು. ಅದನ್ನು ಬೆಳೆದವರ, ಬೇಯಿಸಿದವರ ಶ್ರಮ, ಅದರಲ್ಲಿ ಅಳಿದ ಜೀವಗಳು ಯಾವ ಬಿಲ್ಲಿನಲ್ಲಿಯೂ ಸೇರುವುದಿಲ್ಲ. ಸಂತೋಷ ತೀರಿದ ಮೇಲೆಯೂ ಮುಂದುವರಿಯುವ ಭೋಗ ಎಲ್ಲಿದೆಯೋ ಅಲ್ಲಿಂದಲೇ ಅನರ್ಥ ಪ್ರಾರಂಭ ಎಂದು ನನಗೆ ತೋರುತ್ತದೆ. ಆ ಗೆರೆಯನ್ನು ಹಣ ಹಾಕಲಾರದು, ನಾವೇ ಹಾಕಿಕೊಳ್ಳಬೇಕು.

ನಮ್ಮ ಪುರಾಣಗಳಲ್ಲಿ ಭೋಗಭೂಮಿಯ ವರ್ಣನೆಯಿದೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣವನ್ನು ಓದಿದವರಿಗೆ ಅದು ಪರಿಚಿತ. ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಅನ್ನ, ವಸ್ತ್ರ, ಆಭರಣ, ವಾದ್ಯ, ಮನೆ, ಬೆಳಕು ಎಲ್ಲವನ್ನೂ ದುಡಿಮೆಯಿಲ್ಲದೆ ಕೊಡುತ್ತವೆ. ಅಲ್ಲಿನವರಿಗೆ ದುಃಖವಿಲ್ಲ. ಆದರೆ ಅಲ್ಲಿ ವ್ರತ ಹಿಡಿಯುವುದು ಸಾಧ್ಯವಿಲ್ಲ. ಮೋಕ್ಷದ ದಾರಿಯೂ ಅಲ್ಲಿಂದಿಲ್ಲ. ವ್ರತ ಸಾಧ್ಯವಾಗುವುದು ಕರ್ಮಭೂಮಿಯಲ್ಲಿ, ದುಡಿಯುವ, ಆರಿಸುವ, ಬಿಡುವ ಮನುಷ್ಯನಿಗೆ. ವಿಹಾರಧಾಮವು ಎರಡು ದಿನದ ಮಟ್ಟಿಗೆ ನಮಗೆ ಭೋಗಭೂಮಿಯ ಭ್ರಮೆಯನ್ನು ಕೊಡುತ್ತದೆ. ಆದರೆ ಅಲ್ಲಿ ಹಾಸಿಗೆ ಸರಿಪಡಿಸುವ ಹೆಣ್ಣುಮಗಳು, ಬಿಸಿಲಿನಲ್ಲಿ ನಿಂತು ಮಕ್ಕಳ ಪಟ್ಟಿ ಬಿಗಿಯುವ ಹುಡುಗ ಕಲ್ಪವೃಕ್ಷಗಳಲ್ಲ. ನಮ್ಮಂತೆಯೇ ದುಡಿದು ಉಣ್ಣುವವರು. ನೀರೂ ತಾನಾಗಿ ಹರಿದು ಬಂದುದಲ್ಲ. ಬೆಂಗಳೂರಿನ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಮೇಲಕ್ಕೆತ್ತಿ ತರಬೇಕು. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತಲೆದೋರಿದಾಗ, ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಮಾಡಿತು. ಅಭಾವದ ಕಾಲದಲ್ಲಿ ಕಾನೂನು ಹೇಳಿದುದನ್ನು ವ್ರತವು ಸಮೃದ್ಧಿಯ ಕಾಲದಲ್ಲಿಯೂ ಹೇಳುತ್ತದೆ.

ಎರಡನೆಯ ದಿನ ಬೆಳಗ್ಗೆಯೇ ನಾನು ಮೊಮ್ಮಗನನ್ನು ಕೂರಿಸಿಕೊಂಡು ನಿನ್ನೆಯದು ನನ್ನ ತಪ್ಪೆಂದು ಹೇಳಿ, ಈ ದಿನಕ್ಕೆ ಒಂದು ಪರಿಮಾಣ ಮಾಡೋಣವೆಂದಿದ್ದೆ. ನೀರಿನ ಆಟ ಮೂರು ಎಂದು ನಾನು, ಆರು ಎಂದು ಅವನು; ನಾಲ್ಕಕ್ಕೆ ಒಪ್ಪಿದೆವು. ಊಟ ಐದೂವರೆಗೆ, ತಟ್ಟೆಯಲ್ಲಿ ಏನೂ ಬಿಡತಕ್ಕದ್ದಲ್ಲ. ಮಧ್ಯಾಹ್ನ ತಾಯಿ ಎಬ್ಬಿಸಿದಾಗ ಅವನ ಮೂರು ಮುಗಿದಿದ್ದುವು. ನಾಲ್ಕನೆಯದನ್ನು ಮುಗಿಸಿ ಬಂದವನು ಇನ್ನೊಂದಕ್ಕೆ ಹಟ ಮಾಡಿದ, ಅತ್ತ. ನಾನು ಬಗ್ಗಲಿಲ್ಲ, ನನ್ನ ಮನಸ್ಸು ಮಾತ್ರ ಬಗ್ಗಿತ್ತು. ಅರ್ಧ ಗಂಟೆಯ ಮೇಲೆ ಅವನು ಹುಲ್ಲಿನ ಮೇಲೆ ಬೇರೆ ಮಕ್ಕಳೊಡನೆ ಓಡಾಡುತ್ತಿದ್ದ. ಐದೂವರೆಗೆ ಕರೆಯುವ ಮೊದಲೇ ಬಂದು ಕುಳಿತ. ಅವನ ಸಂತೋಷ ಕಡಿಮೆಯಾಯಿತೋ ಹೆಚ್ಚಾಯಿತೋ ಅಳೆಯಲು ನನ್ನಲ್ಲಿ ಕೋಲಿಲ್ಲ. ಆ ರಾತ್ರಿ ಮಾತನಾಡಿದ, ಅಷ್ಟು ಬಲ್ಲೆ.

ಶ್ರಾವಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ವಿಹಾರಕ್ಕೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಆ ದಿನಗಳ ಪರಿಮಾಣವನ್ನು ಗೊತ್ತುಮಾಡಿಕೊಳ್ಳಿ. ಅದರಲ್ಲಿ ಮಕ್ಕಳ ಮಾತಿಗೂ ಸ್ಥಾನವಿರಲಿ. ಕೋಣೆಯನ್ನು ಕಾದಿರಿಸುವಾಗಲೇ ಊಟದ ಹೊತ್ತನ್ನು ಕೇಳಿ ತಿಳಿಯಿರಿ, ಕೇಳುವುದಕ್ಕೆ ನಾಚಬೇಡಿ. ಬಸದಿಗಳ ಆಡಳಿತ ಮಂಡಳಿಯವರಲ್ಲಿಯೂ ಒಂದು ಮಾತು: ಪರ್ವಕಾಲದಲ್ಲಿ ಮಕ್ಕಳು ನಿಯಮ ಹಿಡಿದಾಗ ನಾವು ಮೆಚ್ಚುತ್ತೇವೆ, ಬಹುಮಾನ ಕೊಡುತ್ತೇವೆ. ಶಾಲೆಯ ಪ್ರವಾಸದಲ್ಲಿ, ಮದುವೆಯ ಮನೆಯಲ್ಲಿ, ಹೋಟೆಲಿನಲ್ಲಿ ಅದನ್ನು ಪಾಲಿಸುವ ಬಗೆಯನ್ನೂ ಆಗಲೇ ಕಲಿಸಿದರೆ ಒಳಿತು. ಆ ತರಗತಿಗೆ ದೊಡ್ಡವರನ್ನೂ ಕರೆಯಿರಿ.

ಮರಳಿ ಬಂದ ಮೇಲೆ ಮೊಮ್ಮಗ ಬಸದಿಗೆ ಹೋಗಿ, ತಪ್ಪಿದ ಒಂದು ರಾತ್ರಿಗಾಗಿ ತನ್ನ ನಿಯಮವನ್ನು ಒಂದು ದಿನ ಮುಂದಕ್ಕೆ ಎಳೆದುಕೊಂಡ. ಉಣ್ಣಿಸಿದವನು ನಾನಾದುದರಿಂದ, ಅವನ ನಿಯಮ ಮುಗಿಯುವವರೆಗೆ ನಾನೂ ಅದನ್ನೇ ಹಿಡಿದೆ.