ನವೊಮಿ ಸೊಸೆಯ ಕಾಲ್ಗುಣವನ್ನು ದೂರಲಿಲ್ಲ



‘ಸೊಸೆಯ ಕಾಲ್ಗುಣ’ ಎಂಬ ಮಾತನ್ನು ಕೇಳದವರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಯಾರೂ ಇರಲಾರರು. ಸೊಸೆ ಹೊಸ್ತಿಲು ದಾಟಿದ ವರ್ಷ ಮಳೆ ಹದವಾಗಿ ಬಂದರೆ ಕಾಲ್ಗುಣ ಒಳ್ಳೆಯದು. ತೊಗರಿಗೆ ನೆಟೆ ರೋಗ ಬಿದ್ದರೆ ಕಾಲ್ಗುಣ ಕೆಟ್ಟದ್ದು. ಅವಳು ಬೇರೆ ಭಾಷೆಯವಳೋ, ಬೇರೆ ಧರ್ಮದಿಂದ ಬಂದವಳೋ ಆಗಿದ್ದರಂತೂ ಬೆರಳು ಇನ್ನೂ ಬೇಗ ಅವಳತ್ತ ತಿರುಗುತ್ತದೆ. ದಿನವೂ ಜಪಸರ ಹೇಳುವ ಮನೆಗಳಲ್ಲೂ ಈ ಮಾತು ಸತ್ತಿಲ್ಲ. ಈ ವಾರ ಅದನ್ನೇ ದೇವರ ವಾಕ್ಯದ ಬೆಳಕಿನಲ್ಲಿ ಧ್ಯಾನಿಸೋಣ.

ನರೋಣಾದ ಸುತ್ತಿನ ನಾಡು ಎಂದೂ ಒಂದೇ ಭಾಷೆಯ ನಾಡಾಗಿರಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಆಳಂದ ಮೈಸೂರು ರಾಜ್ಯಕ್ಕೆ ಬಂತು, ನೆರೆಯ ಉಮರ್ಗಾ ಮುಂಬಯಿ ರಾಜ್ಯಕ್ಕೆ ಹೋಯಿತು. ಗಡಿ ಬಂತೆಂದು ಬೀಗತನ ನಿಲ್ಲಲಿಲ್ಲ. ಅಕ್ಕಲಕೋಟೆ, ಸೋಲಾಪುರದ ಕಡೆಯಿಂದ ಹೆಣ್ಣು ತರುವುದೂ ಆ ಕಡೆಗೆ ಹೆಣ್ಣು ಕೊಡುವುದೂ ನಡೆದೇ ಇದೆ. ದುಡಿಯಲು ಪುಣೆ, ಮುಂಬಯಿಗೆ ಹೋದ ಮಕ್ಕಳು ಅಲ್ಲಿಯೇ ಮದುವೆಯಾಗಿ ಬರುವುದೂ ಉಂಟು. ಹೀಗೆ ಅತ್ತೆ ಕನ್ನಡ, ಸೊಸೆ ಮರಾಠಿ, ಮೊಮ್ಮಗ ಶಾಲೆಯ ಇಂಗ್ಲಿಷ್ ಆಡುವ ಮನೆಗಳು ನಮ್ಮಲ್ಲಿ ಹೊಸತಲ್ಲ. ಅದೇ ಜೋಳ, ಅದೇ ಹಂಚು. ಅತ್ತೆ ರೊಟ್ಟಿ ಎನ್ನುತ್ತಾಳೆ, ಸೊಸೆ ಭಾಕರಿ ಎನ್ನುತ್ತಾಳೆ. ಒಮ್ಮೊಮ್ಮೆ ಅಷ್ಟಕ್ಕೇ ಒಲೆಯ ಮುಂದೆ ಮುಖ ತಿರುಗುತ್ತದೆ.

ಇಂಥ ಕುಟುಂಬಗಳ ಒತ್ತಡ ಹೇಗೆ ಹುಟ್ಟುತ್ತದೆ, ಕೆಲವು ಮನೆಗಳು ಪೆಟ್ಟು ತಿಂದೂ ಹೇಗೆ ಮತ್ತೆ ಎದ್ದು ನಿಲ್ಲುತ್ತವೆ ಎಂಬುದು ಈಗ ಒಂದು ಅಧ್ಯಯನದ ವಿಷಯ. ಅದನ್ನು ಕಲಿಯಲು ದೂರದ ಕಾಲೇಜಿಗೆ ಹೋಗಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆ 2017ರಿಂದ ಇದೆ. ಅದರಲ್ಲಿ ಮನಶ್ಶಾಸ್ತ್ರ, ಸಮಾಜಕಾರ್ಯದ ಪಾಠಗಳನ್ನು ಕೇಳಲು ಹಣ ಕೊಡಬೇಕಾಗಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ನಾನೂ ಕುಟುಂಬದ ಒತ್ತಡವನ್ನು ಕುರಿತ ಒಂದು ಆನ್‌ಲೈನ್ ಪಾಠಕ್ರಮವನ್ನು ಸಂಜೆಯ ಹೊತ್ತು ಫೋನಿನಲ್ಲಿ ಕೇಳಿದೆ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೆ ಅದರ ಪದಗಳು ಹೊಸವು. ವಿಷಯ ಮಾತ್ರ ಬೈಬಲಿನಷ್ಟೇ ಹಳೆಯದು.

ಆ ಪಾಠದ ತಿರುಳನ್ನು ಸರಳವಾಗಿ ಹೇಳುತ್ತೇನೆ. ರೂಬೆನ್ ಹಿಲ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಎರಡನೆಯ ಮಹಾಯುದ್ಧಕ್ಕೆ ಹೋದ ಗಂಡಸರ ಮನೆಗಳನ್ನು ಅಭ್ಯಾಸ ಮಾಡಿ 1949ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮನೆಗೆ ಬಂದ ಪೆಟ್ಟು ಒಂದೇ ಮನೆಯನ್ನು ಒಡೆಯುವುದಿಲ್ಲ ಎಂದು ಅವರು ಕಂಡುಕೊಂಡರು. ಮೂರು ಸಂಗತಿಗಳನ್ನು ನೋಡಬೇಕು: ಬಂದ ಪೆಟ್ಟು, ಮನೆಗಿರುವ ಆಸರೆ, ಮತ್ತು ಆ ಪೆಟ್ಟಿಗೆ ಮನೆಯವರು ಕೊಡುವ ಅರ್ಥ. ಬೆಳೆ ಹೋಯಿತು, ಅದು ಪೆಟ್ಟು. ಕೈ ಹಿಡಿಯುವ ಅಣ್ಣತಮ್ಮಂದಿರು, ಉಳಿತಾಯದ ಸಂಘ, ನೆರೆಹೊರೆ, ಇವು ಆಸರೆ. ‘ಈ ವರ್ಷ ಬೆಳೆ ಹೋಯಿತು, ಎಲ್ಲರೂ ಸೇರಿ ದಾಟೋಣ’ ಎನ್ನುವುದು ಒಂದು ಅರ್ಥ. ‘ಇಕಿ ಬಂದ ಮ್ಯಾಲೇ ಹಿಂಗಾತು’ ಎನ್ನುವುದು ಇನ್ನೊಂದು ಅರ್ಥ. ಪೆಟ್ಟು ಒಂದೇ, ಬಡತನವೂ ಒಂದೇ. ಆದರೂ ಒಂದು ಮನೆ ನಿಲ್ಲುತ್ತದೆ, ಇನ್ನೊಂದು ಬೀಳುತ್ತದೆ.

ಮುಂದೆ 1983ರಲ್ಲಿ ಮೆಕ್‌ಕಬಿನ್ ಮತ್ತು ಪ್ಯಾಟರ್ಸನ್ ಎಂಬ ವಿದ್ವಾಂಸರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಪೆಟ್ಟುಗಳು ಒಂದೊಂದಾಗಿ ಬಂದು ಹೋಗುವುದಿಲ್ಲ, ಚಕ್ಕಡಿಯ ಮೇಲೆ ಚೀಲದ ಮೇಲೆ ಚೀಲ ಹೇರಿದಂತೆ ಒಟ್ಟುಗೂಡುತ್ತವೆ. ಸೊಸೆ ಉಪ್ಪು ಜಾಸ್ತಿ ಹಾಕಿದಳೆಂದು ಅತ್ತೆ ಅಳುತ್ತಾಳೆಂದು ತಿಳಿಯಬೇಡಿ. ಅದರ ಕೆಳಗೆ ಸಾಲದ ಚೀಲವಿದೆ, ಊರು ಬಿಟ್ಟ ಮಗನ ಚೀಲವಿದೆ. ಸೊಸೆಯ ತಲೆಯ ಮೇಲೂ ತವರಿನ ಭಾಷೆಯನ್ನು ಆಡಲು ಒಬ್ಬರೂ ಇಲ್ಲದ ಭಾರವಿದೆ.

ಈಗ ಪವಿತ್ರ ಬೈಬಲಿನ ರೂತಳ ಗ್ರಂಥವನ್ನು ತೆರೆಯಿರಿ. ನಾಲ್ಕೇ ಅಧ್ಯಾಯ, ಒಂದು ಸಂಜೆಗೆ ಓದಿ ಮುಗಿಸಬಹುದು. ಬೆತ್ಲೆಹೇಮಿನಲ್ಲಿ ಬರಗಾಲ. ಎಲಿಮೆಲೆಕನೂ ಅವನ ಹೆಂಡತಿ ನವೊಮಿಯೂ ಇಬ್ಬರು ಗಂಡುಮಕ್ಕಳೊಡನೆ ಗುಳೆ ಹೊರಟು ಮೋವಾಬ್ ನಾಡಿಗೆ ಹೋಗುತ್ತಾರೆ. ಅಲ್ಲಿ ಗಂಡ ಸಾಯುತ್ತಾನೆ. ಮಕ್ಕಳು ಮೋವಾಬಿನ ಹುಡುಗಿಯರನ್ನು ಮದುವೆಯಾಗುತ್ತಾರೆ. ಸುಮಾರು ಹತ್ತು ವರ್ಷ ಕಳೆದ ಮೇಲೆ ಆ ಇಬ್ಬರೂ ಸಾಯುತ್ತಾರೆ, ಮನೆಯಲ್ಲಿ ಮಕ್ಕಳಿಲ್ಲ. ನಮ್ಮ ಲೆಕ್ಕದಲ್ಲಿ ಕೆಟ್ಟ ಕಾಲ್ಗುಣ ಎನ್ನಲು ಇನ್ನೇನು ಬೇಕು? ಸೊಸೆಯರು ಪರನಾಡಿನವರು, ಬೇರೆ ದೇವರನ್ನು ಪೂಜಿಸುವ ಜನ. ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆಂದು ಧರ್ಮೋಪದೇಶಕಾಂಡವೇ ಹೇಳಿತ್ತು. ನವೊಮಿ ಬಾಯಿ ತೆರೆದು ದೂರಿದ್ದರೆ ಬೆತ್ಲೆಹೇಮಿನಲ್ಲಿ ಯಾರೂ ಅವಳನ್ನು ತಪ್ಪೆನ್ನುತ್ತಿರಲಿಲ್ಲ.

ಅವಳು ದೂರಲಿಲ್ಲ. ಸತ್ತವರಿಗೂ ತನಗೂ ಪ್ರೀತಿ ತೋರಿದ್ದೀರಿ, ದೇವರು ನಿಮಗೆ ಹಾಗೆಯೇ ಪ್ರೀತಿ ತೋರಲಿ ಎಂದು ಇಬ್ಬರನ್ನೂ ಆಶೀರ್ವದಿಸಿದಳು. ಅವಳ ಸಂಕಟ ಸುಳ್ಳಲ್ಲ. ಊರಿಗೆ ಮರಳಿದಾಗ ನನ್ನನ್ನು ನವೊಮಿ ಎನ್ನಬೇಡಿ, ಮಾರಾ ಎನ್ನಿ ಎಂದು ಹೆಂಗಸರಿಗೆ ಹೇಳಿದಳು. ಮಾರಾ ಎಂದರೆ ಕಹಿಯಾದವಳು. ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ ಎಂದಳು. ಆದರೆ ಆ ಮಾತು ಆಡುವಾಗ ರೂತಳು ಅವಳ ಪಕ್ಕದಲ್ಲೇ ನಿಂತಿದ್ದಳು! ದುಃಖದಲ್ಲಿ ಮುಳುಗಿದವರಿಗೆ ಪಕ್ಕದಲ್ಲಿ ನಿಂತ ಸೊಸೆ ಕಾಣುವುದಿಲ್ಲ. ಹಾಗಿದ್ದರೂ ನವೊಮಿ ದೇವರ ಮುಂದೆ ಗೋಳಾಡಿದಳೇ ಹೊರತು ಸೊಸೆಯ ಮೇಲೆ ಹೊರೆ ಹಾಕಲಿಲ್ಲ. ದೇವರ ಹತ್ತಿರ ಅಳುವುದು ಅವಿಶ್ವಾಸವಲ್ಲ; ಅದೂ ಒಂದು ಪ್ರಾರ್ಥನೆ.

ಆಸರೆ ಎಲ್ಲಿಂದ ಬಂತು ನೋಡಿ. ಜವೆಗೋದಿಯ ಸುಗ್ಗಿಯಲ್ಲಿ ರೂತಳು ಹಕ್ಕಲು ಆಯಲು ಹೋದಳು. ಹೊಲದಲ್ಲಿ ಉಳಿದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಇಸ್ರಯೇಲರ ಕಟ್ಟಳೆ. ಕೂಲಿಯಾಳುಗಳ ಮೇಸ್ತ್ರಿ ಅವಳನ್ನು ‘ಮೋವಾಬಿನ ಹುಡುಗಿ’ ಎಂದು ಪರಿಚಯಿಸಿದ. ಹೊಲದ ಒಡೆಯ ಬೋವಜ ಹಾಗೆನ್ನದೆ, ನೀನು ನಿನ್ನ ಅತ್ತೆಗೆ ಮಾಡಿದ್ದೆಲ್ಲವನ್ನೂ ಕೇಳಿದ್ದೇನೆ ಎಂದ. ಒಬ್ಬನು ಕುಲ ಕಂಡ, ಇನ್ನೊಬ್ಬನು ಗುಣ ಕಂಡ. ಸಂತ ಮತ್ತಾಯರು ಬರೆದ ವಂಶಾವಳಿಯಲ್ಲಿ ಬೋವಜನ ತಾಯಿ ರಹಾಬಳು. ಪರಜನಾಂಗದ ಹೆಣ್ಣೊಬ್ಬಳು ಈ ಮನೆಗೆ ಆಗಲೇ ಬಂದು ಬೆಳಕಾಗಿದ್ದಳು. ಕಡೆಗೆ ರೂತಳಿಗೆ ಮಗು ಹುಟ್ಟಿದಾಗ ನೆರೆಮನೆಯ ಹೆಂಗಸರು ನವೊಮಿಗೆ, ಈ ಸೊಸೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಎಂದರು. ಮಗುವಿಗೆ ಓಬೇದ ಎಂದು ಹೆಸರಿಟ್ಟವರೂ ಅವರೇ. ಆ ಓಬೇದನು ದಾವೀದನ ಅಜ್ಜ. ಆ ವಂಶದಲ್ಲೇ ನಮ್ಮ ಯೇಸುಸ್ವಾಮಿ ಹುಟ್ಟಿದರು. ನೆರೆಹೊರೆಯ ನಾಲಿಗೆ ಮನೆ ಒಡೆಯಬಲ್ಲದು, ಮನೆ ಕಟ್ಟಲೂ ಬಲ್ಲದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಸೊಸೆಯಂದಿರಿಗೆ ಮಾತ್ರ ಹೇಳುತ್ತೇವೆ. ಮತ್ತೆ ಎದ್ದು ನಿಲ್ಲುವ ಶಕ್ತಿಯೆಂದರೆ ಒಬ್ಬಳು ಸಹಿಸುವುದು, ಉಳಿದವರು ಸಹಿಸಿಕೊಳ್ಳುವಂತೆ ಮಾಡುವುದು ಅಲ್ಲ. ಹೊಡೆತ, ವರದಕ್ಷಿಣೆಯ ಕಾಟ ಇವು ‘ಒತ್ತಡ’ವಲ್ಲ, ಪಾಪ ಮತ್ತು ಅಪರಾಧ. ಅಂಥ ಮನೆಯ ಹೆಣ್ಣುಮಗಳು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ. ಮನಸ್ಸು ಕುಗ್ಗಿದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು. ಸಹಾಯ ಕೇಳುವುದು ದೇವರಲ್ಲಿ ನಂಬಿಕೆ ಇಲ್ಲದ್ದರ ಗುರುತಲ್ಲ.

ಬೇರೆ ಧರ್ಮದವರೊಡನೆ ಮದುವೆಯಾಗುವ ನಮ್ಮ ಯುವಜನರಿಗೂ ಒಂದು ಮಾತು. ಅದಕ್ಕೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುವುದಾಗಿ, ಮಕ್ಕಳಿಗೆ ಕಥೋಲಿಕ ದೀಕ್ಷಾಸ್ನಾನ ಮತ್ತು ಶಿಕ್ಷಣ ಕೊಡಿಸಲು ಕೈಲಾದದ್ದೆಲ್ಲ ಮಾಡುವುದಾಗಿ ಕಥೋಲಿಕರಾದವರು ಮಾತು ಕೊಡಬೇಕು. ಆ ಮಾತನ್ನು ಇನ್ನೊಬ್ಬರಿಗೆ ಸಕಾಲದಲ್ಲಿ ತಿಳಿಸಲೇಬೇಕೆಂದು ಶ್ರೀಸಭೆಯ ಕಾನೂನು ಹೇಳುತ್ತದೆ. ಮದುವೆಯ ಹಿಂದಿನ ರಾತ್ರಿ ತಿಳಿಸಿದರೆ ಅದು ಮುಂದಿನ ಜಗಳದ ಬೀಜವಾಗುತ್ತದೆ. ಪೋಪ್ ಎರಡನೆಯ ಜಾನ್ ಪಾಲರು 1981ರ ತಮ್ಮ ಕುಟುಂಬ ಕುರಿತ ಪತ್ರದಲ್ಲಿ, ಇಂಥ ಮದುವೆಯಲ್ಲಿ ಇಬ್ಬರ ಧರ್ಮಸ್ವಾತಂತ್ರ್ಯವನ್ನೂ ಗೌರವಿಸಬೇಕೆಂದು ತಿಳಿಸಿದರು. ಒತ್ತಾಯದಿಂದ ತಂದ ಸೊಸೆಯ ಪ್ರಾರ್ಥನೆ ದೇವರಿಗೆ ಬೇಕಿಲ್ಲ.

ಈ ವಾರ ಮನೆಯಲ್ಲಿ ಮಾಡಬಹುದಾದ ಮೂರು ಕೆಲಸಗಳು ಇವು. ಒಂದು, ಕಷ್ಟ ಬಂದಾಗ ‘ಯಾರಿಂದ ಹೀಗಾಯಿತು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ಇದನ್ನು ಹೊರಲು ಯಾರ ಯಾರ ಹೆಗಲಿದೆ’ ಎಂದು ಕೇಳಿ. ಎರಡು, ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀಸಿಯ’ ಪತ್ರದಲ್ಲಿ ಮೂರು ಮಾತುಗಳನ್ನು ಮನೆಗಳಿಗೆ ನೆನಪಿಸಿದರು: ಅಪ್ಪಣೆ ಕೇಳುವುದು, ಉಪಕಾರ ನೆನೆಯುವುದು, ಕ್ಷಮೆ ಬೇಡುವುದು. ಆ ಮೂರನ್ನೂ ನಿಮ್ಮ ಭಾಷೆಯಲ್ಲಲ್ಲ, ಎದುರಿಗಿರುವವರ ಭಾಷೆಯಲ್ಲಿ ಹೇಳಲು ಕಲಿಯಿರಿ. ಮೂರು, ಸಂಜೆಯ ಪ್ರಾರ್ಥನೆಯಲ್ಲಿ ಒಂದು ‘ಪರಲೋಕ ಮಂತ್ರ’ವನ್ನಾದರೂ ಸೊಸೆಯ ತವರಿನ ಭಾಷೆಯಲ್ಲಿ ಹೇಳಿಸಿ. ಅದು ಕೇಳಿಬಂದ ಮನೆಯಲ್ಲಿ ಅವಳು ಪರದೇಶಿಯಾಗಿ ಉಳಿಯುವುದಿಲ್ಲ.

ಬೆತ್ಲೆಹೇಮಿನಲ್ಲಿ ಜನಿಸಿ, ಐಗುಪ್ತದಲ್ಲಿ ಪರದೇಶಿಯಾಗಿ ಬಾಳಿದ ಯೇಸುಸ್ವಾಮಿ ನಿಮ್ಮ ಮನೆಗಳಲ್ಲಿ ನೆಲೆಸಲಿ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಿಮಗಾಗಿ ಪ್ರಾರ್ಥಿಸಲಿ. ಆಮೆನ್.