ದೀಪ ಇಕ್ಕೋರು ಯಾರು?

ಪುರಾತತ್ವದ ಕೆಲಸದವಳು ಎಂದು ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುವ ಪ್ರಶ್ನೆ ಒಂದೇ: "ನಿಧಿ ಏನಾದರೂ ಸಿಕ್ಕಿತೇನ್ರೀ?" ಇಲ್ಲವೆಂದರೆ ನಂಬುವುದಿಲ್ಲ. ಸಿಕ್ಕರೂ ಹೇಳುವವಳಲ್ಲ ಇವಳು ಎಂಬಂತೆ ನಕ್ಕು ಪಾಯಸದ ಕಡೆ ತಿರುಗುತ್ತಾರೆ. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಮಡಕೆಯ ಚೂರುಗಳು, ತಲೆ ಹೋದ ಮೂರ್ತಿಗಳು ಮತ್ತು ಉಗುರಿನ ಸಂದಿಯಿಂದ ಬಿಡದ ಮಸಿ.

ನಮ್ಮೂರು ಮೇಲೂರು. ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರಗಳ ಊರು. ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದ ಮನೆಯಲ್ಲಿ ಹೆಂಗಸರಿಗೆ ರಾತ್ರಿ ನಿದ್ದೆಯಿಲ್ಲ. ಸೊಪ್ಪು ಹಾಕುವುದೇ ಕೆಲಸ. ಅಂಥ ಮನೆಯಿಂದ ಚಿತ್ರಾನ್ನದ ಡಬ್ಬಿ ಹಿಡಿದು, ಬಸ್ಸು ಹತ್ತಿ, ಯಾವುದೋ ಕೆರೆಕಟ್ಟೆಯ ಕಲ್ಲು ತೊಳೆಯಲು ನಾನು ಹೊರಡುತ್ತಿದ್ದೆ. "ಮನೆ ಒರಳು ತೊಳೆಯೋಕೆ ಪುರುಸೊತ್ತಿಲ್ಲ, ಊರ ಕಲ್ಲು ತೊಳೀತಾಳೆ" ಎಂದು ನಮ್ಮತ್ತೆ ಹೇಳುತ್ತಿದ್ದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಶಾಸನದ ಅಚ್ಚು ತೆಗೆಯುವುದು ಅಡುಗೆಯಂಥದೇ ಕೆಲಸ. ಕಲ್ಲನ್ನು ನೀರು ಹಾಕಿ ಉಜ್ಜಬೇಕು. ಒದ್ದೆ ಕಾಗದ ಹಾಸಿ, ಗಾಳಿ ನಿಲ್ಲದಂತೆ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಹಳ್ಳದೊಳಗೆ ಕೂರಿಸಬೇಕು. ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಸುತ್ತಲೂ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಕಾಗದವನ್ನು ಬಿಡಿಸುವಾಗ ದೋಸೆ ಎಬ್ಬಿಸುವ ಕೈಯೇ ಬೇಕು, ಅವಸರಪಟ್ಟರೆ ಹರಿಯಿತು. ಊರೂರಿನ ಶಾಸನಗಳನ್ನು ಹೀಗೆ ಕೂಡಿಸಿಯೇ ಬಿ.ಎಲ್. ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ಹೊರತಂದರು. ನಮ್ಮ ಶಿಡ್ಲಘಟ್ಟ ಸೀಮೆಯ ಕಲ್ಲುಗಳೂ ಅದರಲ್ಲಿವೆ; 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ನಾವೂ ಕೋಲಾರದವರೇ ತಾನೆ.

ರಜೆ ಬಂದರೂ ಚಟ ಬಿಡದು. ಜೊತೆಯವರು ಬೆಂಗಳೂರಿನಲ್ಲಿ ಸೀರೆಗೆಂದು ಚಿಕ್ಕಪೇಟೆಗೆ ನಡೆದರೆ ನಾನು ಕಸ್ತೂರಬಾ ರಸ್ತೆಯ ಸರಕಾರಿ ಮ್ಯೂಸಿಯಮ್ಮಿಗೆ ಹೋಗುತ್ತಿದ್ದೆ. 1865ರಲ್ಲಿ ಶುರುವಾದದ್ದು ಅದು. ಅಲ್ಲಿಗೆ ಸೇರಿದ ಆತಕೂರಿನ ಕಲ್ಲು ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ಹತ್ತನೆಯ ಶತಮಾನದ ಕಲ್ಲು. ಗಂಗರ ಬೂತುಗನಿಗಾಗಿ ಹೋರಾಡಿದ ಮಣಲೆರನೆಂಬ ವೀರ, ಏನು ಬೇಕೆಂದು ಕೇಳಿದ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಈಗ ಮಂಡ್ಯ ಜಿಲ್ಲೆಯ ಆ ಊರು ಬಿಟ್ಟು ಬಂದ ಕಲ್ಲಿಗೆ ಭೂಮಿಯೂ ಇಲ್ಲ, ಪೂಜೆಯೂ ಇಲ್ಲ. ಆದರೆ ಇಲ್ಲಿಗೆ ಬಂದದ್ದರಿಂದಲೇ ಅದು ಮಳೆಬಿಸಿಲಿಗೆ ಸವೆಯದೆ ಉಳಿಯಿತು ಎಂಬುದೂ ನಿಜ. ನಿಲ್ಲಿಸಿದವರ ಮಾತು ಮುಖ್ಯವೋ, ಕಲ್ಲು ಮುಖ್ಯವೋ?

ಈ ಪ್ರಶ್ನೆ ನಮ್ಮ ಸೀಮೆಯಲ್ಲೇ ನನಗೆ ಎದುರಾಯಿತು. ಮೇಲೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ರಸ್ತೆ ಅಗಲ ಮಾಡುವಾಗ ಒಂದು ಮಾಸ್ತಿಕಲ್ಲು ಅಡ್ಡ ಬಂತು. ಮಾಸ್ತಿ ಎಂದರೆ ಮಹಾಸತಿ. ಕಂಬದಿಂದ ಹೊರಚಾಚಿ ಮೇಲೆದ್ದ ಬಲಗೈ, ಕೈತುಂಬ ಬಳೆ, ಮೇಲೆ ಸೂರ್ಯ ಚಂದ್ರ. ಅಕ್ಷರ ಒಂದೂ ಇಲ್ಲ. ಊರವರಿಗೆ ಅದು ಬರಿಯ "ಅಮ್ಮ". ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ ಎಂದರು ಕೆಲವರು. ಅಳತೆ ತೆಗೆಯುತ್ತಿದ್ದ ನನ್ನ ಹತ್ತಿರ ಒಬ್ಬ ಅಜ್ಜಿ ಬಂದು ಕೇಳಿದರು: "ಅಮ್ಮನ್ನ ಎತ್ಕೊಂಡೋದ್ರೆ ಅಲ್ಲಿ ದೀಪ ಇಕ್ಕೋರು ಯಾರವ್ವಾ?"

ಸುತ್ತ ಸೇರಿದ್ದ ಹೆಂಗಸರಿಗೆ ಆ ಕೈ ಏನೆಂದು ಹೇಳಿದೆ. ಗಂಡ ಸತ್ತಾಗ ಬೆಂಕಿಗೆ ಹೋದ ಹೆಣ್ಣಿನ ಗುರುತು, ಮುತ್ತೈದೆಯಾಗಿಯೇ ಹೋದಳು ಎನ್ನಲು ಆ ಬಳೆ ಎಂದೆ. ಎಲ್ಲರೂ ಸುಮ್ಮನಾದರು. "ಅವಳಿಗೆ ಎಷ್ಟು ವಯಸ್ಸು?" ಎಂದು ಒಂದು ಹುಡುಗಿ ಕೇಳಿತು. ಕಲ್ಲು ಅದನ್ನು ಹೇಳುವುದಿಲ್ಲ.

ನನ್ನೊಳಗಿನ ತಕರಾರು ಇದ್ದದ್ದು ಅಲ್ಲೇ. 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕಂವರ್ ಎಂಬ ಎಳೆಯ ಹುಡುಗಿ ಚಿತೆಯಲ್ಲಿ ಸುಟ್ಟುಹೋದದ್ದು, ಅಲ್ಲಿ ಸಾವಿರಾರು ಜನ ಕೈಮುಗಿದದ್ದು ನಮ್ಮ ಕಾಲದಲ್ಲೇ. ಆಮೇಲೆ ಬಂದ ಕಾಯ್ದೆ ಸತಿಯನ್ನು ಕೊಂಡಾಡುವುದನ್ನೂ ಅಪರಾಧವೆಂದಿತು, ಸರಿಯಾಗಿಯೇ ಎಂದಿತು. ಹಾಗಾದರೆ ಈ ಕಲ್ಲಿಗೆ ಕುಂಕುಮವಿಟ್ಟರೆ ನಾವು ಕೈಮುಗಿಯುವುದು ಹೆಣ್ಣಿಗೋ, ಬೆಂಕಿಗೋ? ಇದನ್ನು ಮ್ಯೂಸಿಯಮ್ಮಿನ ಗೋಡೆಗೆ ಒರಗಿಸಿ ಸಂಖ್ಯೆ ಬರೆದುಬಿಟ್ಟರೆ ಪೂಜೆ ನಿಲ್ಲುತ್ತದೆ, ಸರಿ. ಆದರೆ ಆ ಊರಿನ ಹೆಣ್ಣೊಬ್ಬಳು ಆ ಊರಿನಿಂದಲೇ ಅಳಿಸಿಹೋಗುತ್ತಾಳೆ.

ಅಕ್ಷರವಿರುವ ಕಲ್ಲುಗಳಾದರೂ ಏನು ಹೇಳುತ್ತವೆ? ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದದ್ದಕ್ಕಾಗಿ ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೊರಟಳು. ಬರೆದ ಕವಿ ಅವಳನ್ನು ಹೊಗಳಿದ್ದಾನೆ. ಆದರೆ ಹೆತ್ತವರು, ಬಂಧುಗಳು ಕಾಲಿಗೆ ಬಿದ್ದು ಬೇಡವೆಂದದ್ದನ್ನೂ ಬರೆದಿದ್ದಾನೆ. ಪಠ್ಯಪುಸ್ತಕದ ಎರಡು ಸಾಲಿನಲ್ಲಿ ಸತಿ ಉಳಿಯುತ್ತಾಳೆ, ಈ ತಂದೆತಾಯಿ ಉಳಿಯುವುದಿಲ್ಲ. ಪೂಜೆಯಲ್ಲಿಯೂ ಅಷ್ಟೆ. ಸಾಲುಸಾಲಾಗಿ ಓದಿದವರಿಗೆ ಮಾತ್ರ ಬೇಡಮ್ಮಾ ಎಂದ ಆ ದನಿ ಕೇಳುತ್ತದೆ. ಓದುವುದೂ ಒಂದು ಬಗೆಯ ನ್ಯಾಯ ಎಂದು ನಾನು ತಿಳಿದದ್ದು ಈ ಶಾಸನದಿಂದ.

ಆದರೆ ಓದು ಬಲ್ಲವರದ್ದೇ ನ್ಯಾಯ ಎನ್ನುವಂತೆಯೂ ಇಲ್ಲ. ಆ ದಿನ ನನ್ನ ಮಾತು ಮುಗಿದ ಮೇಲೆ ಅಜ್ಜಿ ಬಹಳ ಹೊತ್ತು ಕಲ್ಲನ್ನೇ ನೋಡಿ ಹೇಳಿದರು: "ಅಂಗಾದ್ರೆ ಸುಟ್ಕೊಂಡ ಕೂಸು ಇದು. ಸುಟ್ಟ ಕೂಸಿಗೆ ಎಣ್ಣೆನಾದ್ರೂ ಸವರಬ್ಯಾಡವಾ ನಾವು?"

ಅಲ್ಲಿಯವರೆಗೆ ವರ ಕೊಡುವ ಅಮ್ಮನಾಗಿದ್ದವಳು ಒಂದು ಗಳಿಗೆಯಲ್ಲಿ ಕೂಸಾದಳು. ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಅದೇ, ಭಾವ ಬೇರೆ. ಕೊಂಡಾಡುವುದಕ್ಕೂ ಮರುಗುವುದಕ್ಕೂ ನಡುವಿನ ಗೆರೆ ಕಾಯ್ದೆಯ ಪುಸ್ತಕದಲ್ಲಿ ನನಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಆ ಅಜ್ಜಿಗೆ ತಿಳಿಸಬೇಕಾದದ್ದು ನನ್ನ ಹತ್ತಿರವಿತ್ತು. ಅದನ್ನು ಏನು ಮಾಡಬೇಕೆಂಬುದು ಅವರ ಹತ್ತಿರವಿತ್ತು.

ಕಲ್ಲನ್ನು ಕೊನೆಗೆ ಕೆರೆಕಟ್ಟೆಯ ಬೇವಿನ ಮರದಡಿಗೆ ಸರಿಸಿದರು. ಎಲ್ಲ ಕಲ್ಲುಗಳೂ ಊರಲ್ಲೇ ಇರಲಿ ಎಂದು ನಾನು ಹೇಳಲಾರೆ. ಕಳ್ಳರಿಗೆ, ಜಲ್ಲಿ ಒಡೆಯುವವರಿಗೆ ಸಿಗುವ ಬದಲು ಮ್ಯೂಸಿಯಮ್ಮೇ ವಾಸಿ. ಎಲ್ಲಿಟ್ಟರೂ ಅದು ಯಾರೆಂದು ಊರಿಗೆ ಹೇಳದೆ ಇಟ್ಟರೆ ಮಾತ್ರ ಅವಳನ್ನು ಎರಡನೇ ಸಲ ಕಳೆದುಕೊಂಡಂತೆ.

ನಿಮ್ಮೂರಿನ ಅರಳಿಕಟ್ಟೆಯಲ್ಲಿ, ಕೆರೆ ಏರಿಯಲ್ಲಿ ಅರಿಸಿನ ಮೆತ್ತಿಕೊಂಡ ಅಂಥ ಕೈಯೊಂದು ಇದ್ದೀತು. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಕೈಮುಗಿಸುವ ಮುಂಚೆ ಆ ಕೈ ಯಾರದೆಂದು ಹೇಳಿ. ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ.