ಮಾಳಿಗೆಯನ್ನು ತಿರಿಗಿ ಮುಚ್ಚಿದವರು ಯಾರು?



ಕಪೆರ್ನೌಮ ಊರಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದ ವೃತ್ತಾಂತವನ್ನು (ಮಾರ್ಕ 2ನೆಯ ಅಧ್ಯಾಯ) ನೀವು ಚಿಕ್ಕಂದಿನಿಂದಲೂ ಭಾನುವಾರದ ಶಾಲೆಯಲ್ಲಿ ಕೇಳಿದ್ದೀರಿ. ಬಾಗಿಲ ಮುಂದೆ ಜನಸಂದಣಿ ಇದ್ದದರಿಂದ ಅವರು ಮೇಲಕ್ಕೆ ಹತ್ತಿ, ಮಾಳಿಗೆಯನ್ನು ಅಗೆದು, ಆ ಮನುಷ್ಯನನ್ನು ಹಾಸಿಗೆ ಸಹಿತವಾಗಿ ಕರ್ತನ ಮುಂದೆ ಇಳಿಸಿದರು. ಆ ನಾಲ್ವರ ನಂಬಿಕೆಯ ವಿಷಯವಾಗಿ ನಾನು ಎಷ್ಟೋ ಸಾರಿ ಪ್ರಸಂಗ ಮಾಡಿದ್ದೇನೆ. ಮಾಳಿಗೆಯ ವಿಷಯವಾಗಿ ಒಂದು ಸಾರಿಯಾದರೂ ಯೋಚಿಸಿದವನಲ್ಲ. ಧಾರವಾಡ, ಗದಗ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಎಲ್ಲಕ್ಕೂ ಮೇಲೆ ತುಳಿದು ಗಟ್ಟಿಮಾಡಿದ ಮಣ್ಣು. ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳದಿದ್ದರೆ ಸಣ್ಣ ಬಿರುಕಿನಿಂದಲೂ ಸೋರುವದು. ಹೀಗಿರಲಾಗಿ ಒಬ್ಬ ಮನುಷ್ಯನು ಹಾಸಿಗೆಯೊಂದಿಗೆ ಇಳಿಯುವಷ್ಟು ಕಂಡಿ ಬಿದ್ದ ಮಾಳಿಗೆಯನ್ನು ಮರುದಿನ ಮುಚ್ಚಿದವರು ಯಾರು? ಕೂಲಿಯನ್ನು ಕೊಟ್ಟವರು ಯಾರು? (ಲೂಕನು ಹೆಂಚುಗಳನ್ನು ತೆಗೆದರೆಂದು ಬರೆದಿದ್ದಾನೆ, ಹೆಂಚಾದರೂ ಬೆಲೆಯಿಲ್ಲದ್ದಲ್ಲ.) ಸುವಾರ್ತಿಕರು ಇದನ್ನು ತಿಳಿಸುವದಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಿದೆ. ಕಾಲು ಗಟ್ಟಿಯಿದ್ದವರು ಅದೇ ಮನೆಗೆ ಬಾಗಿಲಿಂದ ಬಿಟ್ಟಿಯಾಗಿ ಹೊಕ್ಕರು. ಅದೇ ವಾಕ್ಯವನ್ನು ಕೇಳುವದಕ್ಕೆ ಇವನಿಗೆ ನಾಲ್ವರ ಒಂದು ದಿನದ ದುಡಿಮೆಯೂ ಒಂದು ಮಾಳಿಗೆಯೂ ಖರ್ಚಾದವು.

ಈ ಯೋಚನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ನನ್ನ ತಪ್ಪಿನಿಂದ ಬಂದದ್ದು. ಕೆಲವು ವರುಷಗಳ ಕೆಳಗೆ, ಸುಗ್ಗಿಯ ಹಬ್ಬಕ್ಕೆ ಮುಂಚಿನ ಭಾನುವಾರ, ಸಭಾ ವಂತಿಗೆಯನ್ನು ಬಾಕಿ ಇಟ್ಟವರ ಪಟ್ಟಿಯನ್ನು ನಮ್ಮಲ್ಲಿಯ ವಾಡಿಕೆಯಂತೆ ಆರಾಧನೆಯ ಕಡೆಯಲ್ಲಿ ಓದಿದೆನು. ಅದರಲ್ಲಿ ಒಬ್ಬ ಕೂಲಿಗಾರ ಸಹೋದರನ ಹೆಸರು ಮೂರು ವರುಷದ ಬಾಕಿಯೊಂದಿಗೆ ಇತ್ತು. ಬಾಕಿ ಇದ್ದವನು ಸಭೆಯ ಹಿರಿಯರನ್ನು ಆರಿಸುವಾಗ ಕೈಯೆತ್ತುವಂತಿಲ್ಲವೆಂಬದನ್ನೂ ಕೂಡಿಸಿ ಹೇಳಿದೆನು. ಅವನು ತಲೆ ಬೊಗ್ಗಿಸಿಕೊಂಡು ಹೊರಗೆ ಹೋದನು. ಅವನ ಹೆಂಡತಿ ಆರಾಧನೆಗೆ ಬಾರದೆ ಎರಡು ವರುಷವಾಗಿತ್ತು. ಅದಕ್ಕಾಗಿ ನಾನು ಅವಳನ್ನು ಬಾವಿಯ ಹತ್ತಿರ ನಾಲ್ಕು ಜನರ ಎದುರಿಗೆ ಗದರಿಸಿದ್ದೆನೆಂಬದನ್ನು ಸಹ ಇಲ್ಲಿ ಬರೆಯಬೇಕು.

ಸಾಯಂಕಾಲ ಅವರ ಮನೆಗೆ ಹೋದೆನು. ಅವರ ಹನ್ನೊಂದು ವರುಷದ ಮಗನನ್ನು ಗೋಡೆಗೆ ಒರಗಿಸಿ, ಬೀಳದ ಹಾಗೆ ಎರಡೂ ಕಡೆಗೆ ಗೋಣಿಚೀಲಗಳನ್ನು ಒತ್ತಾಗಿ ಇಟ್ಟು ಕೂಡ್ರಿಸಿದ್ದರು. ಹುಟ್ಟುವ ವೇಳೆಯಲ್ಲಿ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳು ಬಿಗಿದುಕೊಂಡ ಹುಡುಗನು. ವೈದ್ಯರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ತಂದೆಯು ನನ್ನ ಸಂಗಡ ಜಗಳವಾಡಲಿಲ್ಲ. ಗೂಟಕ್ಕೆ ಸಿಕ್ಕಿಸಿದ್ದ ಔಷಧದ ಚೀಟಿಗಳ ಕಟ್ಟನ್ನು ತೆಗೆದು ನನ್ನ ಕೈಯಲ್ಲಿಟ್ಟು, "ಉಪದೇಶಿಯವರೇ, ಇವನ್ನೂ ಒಂದು ಸಾರಿ ದೇವಾಲಯದಲ್ಲಿ ಓದಿರಿ" ಅಂದನು.

ಆ ಚೀಟಿಗಳನ್ನು ನಾನು ದೇವಾಲಯದಲ್ಲಿ ಓದಲಿಲ್ಲ. ಆದರೆ ಆ ರಾತ್ರಿ ಅವರ ದೀಪದ ಮುಂದೆ ಕೂತು ಓದಿದೆನು. ಮೂರ್ಛೆ ಬಾರದ ಹಾಗೆ ಕೊಡುವ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಇದ್ದ ತಿಂಗಳು ಸರಿ, ಇಲ್ಲದ ತಿಂಗಳು ಅಂಗಡಿಯಲ್ಲಿ ಕೊಳ್ಳಬೇಕು. ಬಿಗಿದ ಕಾಲುಗಳನ್ನು ಸಡಲಿಸುವ ಅಂಗಸಾಧನೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಬೇಕು. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಇದು ತಾಯಿಗೆ ದೊಡ್ಡ ಉಪಕಾರವೇ. ಆದರೆ ಹನ್ನೊಂದು ವರುಷದ ಬಿಗಿದ ಮೈಯ ಹುಡುಗನನ್ನು ಬಸ್ಸಿನ ಮೆಟ್ಟಲು ಹತ್ತಿಸುವದು ಒಬ್ಬ ಹೆಂಗಸಿನಿಂದ ಆಗುವದಿಲ್ಲ. ಆದಕಾರಣ ತಂದೆಯೂ ಹೋಗಬೇಕು. ಅವನ ಅಂದಿನ ಕೂಲಿ ಹೋಯಿತು. ಬಸ್ಸು ಇಳಿದ ಮೇಲೆ ಆಸ್ಪತ್ರೆಯ ವರೆಗೆ ಆಟೋರಿಕ್ಷಾ. ಕಾಲಿಗೆ ಕಟ್ಟುವ ಕ್ಯಾಲಿಪರು ಶಿಬಿರದಲ್ಲಿ ಧರ್ಮಾರ್ಥವಾಗಿ ಸಿಕ್ಕಿತು. ಆದರೆ ಮಗು ಬೆಳೆಯುತ್ತದಲ್ಲಾ! ಕಬ್ಬಿಣವು ಬೆಳೆಯುವದಿಲ್ಲ; ಸ್ವಲ್ಪ ಕಾಲದೊಳಗೆ ಅದು ಚರ್ಮವನ್ನು ಕಡಿಯಹತ್ತಿತು. ಜೋಳದ ರೊಟ್ಟಿಯನ್ನು ಅಗಿದು ನುಂಗಲಾರದವನಿಗೆ ಅನ್ನವನ್ನು ಮಿದುಮಾಡಿ ಹಾಲು ಹಾಕಿ ತಿನ್ನಿಸಬೇಕು. ಬೇರೆ ಮಕ್ಕಳಿಗೆ ಎರಡು ಅಂಗಿ ಸಾಕಾದರೆ ಇವನಿಗೆ ಆರು ಬೇಕು. ಅದಕ್ಕೆ ತಕ್ಕ ಸಾಬೂನು, ಅದಕ್ಕೆ ತಕ್ಕ ನೀರು.

ಇವೆಲ್ಲ ಚೀಟಿಯಲ್ಲಿಯೂ ಕಣ್ಣಿಗೂ ಕಾಣುವ ಖರ್ಚುಗಳು. ಎಲ್ಲಕ್ಕೂ ದೊಡ್ಡ ಖರ್ಚಿಗೆ ಚೀಟಿಯೇ ಇಲ್ಲ. ಆ ತಾಯಿ ಮದುವೆಯಾದಾಗ ಕಳೆ ತೆಗೆಯುವದರಲ್ಲಿ ಆ ಓಣಿಯಲ್ಲಿಯೇ ಚುರುಕಿನವಳೆಂದು ಹೆಸರಾಗಿದ್ದಳು. ಹನ್ನೊಂದು ವರುಷದಿಂದ ಅವಳು ಹೊಲಕ್ಕೆ ಹೋಗಿಲ್ಲ. ಸರಕಾರದಿಂದ ಆ ಹುಡುಗನಿಗೆ ಬರುವ ಮಾಸಾಶನವು ಅವಳ ಒಂದು ವಾರದ ಕೂಲಿಗೆ ಹೆಚ್ಚುಕಡಿಮೆ ಸರಿಯಾದೀತು. ಉಳಿದ ಮೂರು ವಾರಗಳದ್ದು ಎಲ್ಲಿಂದ ಬರಬೇಕು? ಅವಳು ಜಡ್ಡಿನಲ್ಲಿ ಬಿದ್ದ ವರುಷ ಹಿರಿಯ ಮಗಳನ್ನು ಶಾಲೆಯಿಂದ ಬಿಡಿಸಿದರು. ಆ ಹುಡುಗಿಯ ವಿದ್ಯೆಯನ್ನು ಯಾವ ಪುಸ್ತಕದಲ್ಲಿ ಬಾಕಿಯಾಗಿ ಬರೆಯಬೇಕೋ ನನಗೆ ತಿಳಿಯದು.

ಇಷ್ಟು ಕಾಲ ಇದನ್ನು ಯಾಕೆ ಹೇಳಲಿಲ್ಲವೆಂದು ಕೇಳಿದೆನು. ತಾಯಿಯು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ: "ಮಗನ ಲೆಕ್ಕವನ್ನು ಹಾಕುತ್ತಾರೇನ್ರಿ? ಹಾಕಿದರೆ ಅವನು ನಮಗೆ ಭಾರವಾಗಿದ್ದಾನೆಂದು ಹೇಳಿದ ಹಾಗಾಗುತ್ತದೆ." ಪ್ರಿಯರೇ, ಈ ಪ್ರಶ್ನೆಯನ್ನು ನಾವು ಸ್ವಲ್ಪ ನಿಂತು ವಿಚಾರಿಸಬೇಕು. ಮಗುವು ದೇವರ ದಾನವೆಂದು ನಂಬುವವರು ಅದರ ಖರ್ಚನ್ನು ಲೆಕ್ಕಿಸುವದು ದೇವರ ಮೇಲೆ ಗುಣುಗುಟ್ಟಿದ ಹಾಗಲ್ಲವೋ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಗೋಪುರ ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಮಾಡುವನೆಂದು ಕರ್ತನೇ ಸಾಮ್ಯವಾಗಿ ಹೇಳಿದ್ದಾನೆ (ಲೂಕ 14ನೆಯ ಅಧ್ಯಾಯ); ಆ ಲೆಕ್ಕವು ಗೋಪುರದ ಮೇಲಣ ದ್ವೇಷವಲ್ಲ. ಮಗನ ಬೆಲೆ ಬೇರೆ, ಮಗನಿಗಾಗಿ ತಗಲುವ ಬೆಲೆ ಬೇರೆ. ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ತಂದೆತಾಯಿಗಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರು ಬಾಯಿ ಮುಚ್ಚಿಕೊಂಡದ್ದು ನಮಗೂ ಅನುಕೂಲವಾಯಿತು. ಯಾಕಂದರೆ ಕೇಳದ ಲೆಕ್ಕಕ್ಕೆ ಉತ್ತರ ಕೊಡಬೇಕಾದದ್ದಿಲ್ಲ. ಅವರ ತಾಳ್ಮೆಯನ್ನು ಹೊಗಳಿ ನಾವು ಮನೆಗೆ ಹೋಗುತ್ತೇವೆ.

ಲೋಕದ ಪಂಡಿತರು ಈ ಲೆಕ್ಕವನ್ನು ನಮಗಿಂತ ಮುಂಚೆಯೇ ಹಾಕಿದ್ದಾರೆ. ಅಮರ್ತ್ಯ ಸೇನ್ ಎಂಬ ನಮ್ಮ ದೇಶದ ಅರ್ಥಶಾಸ್ತ್ರಜ್ಞರು 2009ರಲ್ಲಿ ನ್ಯಾಯದ ವಿಷಯವಾಗಿ ಬರೆದ ಗ್ರಂಥದಲ್ಲಿ ಎರಡು ಕೊರತೆಗಳನ್ನು ಬೇರೆಮಾಡಿ ತೋರಿಸುತ್ತಾರೆ. ಅಂಗವೈಕಲ್ಯದಿಂದ ಸಂಪಾದನೆ ಕಡಿಮೆಯಾಗುವದು ಒಂದು. ಸಂಪಾದಿಸಿದ ಅದೇ ರೂಪಾಯಿಯಿಂದ ಇತರರಷ್ಟು ಸುಖವನ್ನು ಪಡೆಯಲಾಗದಿರುವದು ಇನ್ನೊಂದು. ಬ್ರಿಟನ್ ದೇಶದ ಕುರಿತಾದ ಒಂದು ಸಂಶೋಧನೆಯಿಂದ ಅವರು ಅಂಕಿಗಳನ್ನು ಕೊಡುತ್ತಾರೆ. ಅಲ್ಲಿ ಒಟ್ಟು ಜನರಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿದ್ದವರು ನೂರಕ್ಕೆ 17.9, ಅಂಗವಿಕಲರಿರುವ ಕುಟುಂಬಗಳಲ್ಲಿ ನೂರಕ್ಕೆ 23.1. ವ್ಯತ್ಯಾಸವು ಬಹಳವೇನೂ ಕಾಣುವದಿಲ್ಲ. ಆದರೆ ಅಂಗವೈಕಲ್ಯದಿಂದ ತಗಲುವ ಹೆಚ್ಚಿನ ಖರ್ಚನ್ನು ಲೆಕ್ಕಕ್ಕೆ ಹಿಡಿದ ಕೂಡಲೆ ಆ 23.1 ಎಂಬದು 47.4ಕ್ಕೆ ಏರುತ್ತದೆ. ಐಶ್ವರ್ಯವಂತ ದೇಶದಲ್ಲಿಯೇ ಹೀಗಾದರೆ ನಮ್ಮ ಕೇರಿಯಲ್ಲಿ ಹೇಗಿದ್ದೀತು! ನಮ್ಮ ಸಂಸತ್ತು 2016ರಲ್ಲಿ ಮಾಡಿದ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ಮಾತನ್ನು ಒಪ್ಪಿಕೊಂಡಿದೆ. ಅದರ 24ನೆಯ ಕಲಮಿನ ಪ್ರಕಾರ ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು ಅಂಥವೇ ಯೋಜನೆಗಳಲ್ಲಿ ಇತರರಿಗೆ ಕೊಡುವದಕ್ಕಿಂತ ನೂರಕ್ಕೆ 25ರಷ್ಟಾದರೂ ಹೆಚ್ಚಾಗಿರಬೇಕು.

ಆದದರಿಂದ ಸಮಪಾಲು ಯಾವಾಗಲೂ ನ್ಯಾಯವಾದ ಪಾಲೋ ಎಂಬದೇ ಪ್ರಶ್ನೆ. ನಾನು ಎಲ್ಲಾ ಮನೆಗಳಿಂದ ಒಂದೇ ವಂತಿಗೆಯನ್ನು ಕೇಳಿದ್ದೆನು. ಪಕ್ಷಪಾತವಿಲ್ಲವೆಂದು ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ಅರಣ್ಯದಲ್ಲಿ ಮನ್ನವನ್ನು ಅಳೆದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಯೆರೂಸಲೇಮಿನ ಮೊದಲನೆಯ ಸಭೆಯವರು ಹಂಚಿದ್ದು ತಲೆ ಲೆಕ್ಕದಿಂದಲ್ಲ, ಕೊರತೆಯ ಲೆಕ್ಕದಿಂದ. ದಾವೀದನನ್ನು ನೋಡಿರಿ. ಐದು ವರುಷದವನಾಗಿದ್ದಾಗ ದಾದಿಯ ಕೈಯಿಂದ ಬಿದ್ದು ಎರಡೂ ಕಾಲು ಕುಂಟಾದ ಮೆಫೀಬೋಶೆತನನ್ನು ಅವನು ತನ್ನ ಮೇಜಿಗೆ ಕರೆದನೆಂಬದನ್ನು ನಾವೆಲ್ಲರೂ ಬಲ್ಲೆವು. ಆದರೆ 2 ಸಮುವೇಲ 9ನೆಯ ಅಧ್ಯಾಯವನ್ನು ಕಡೆಯ ವರೆಗೆ ಓದಿದವರು ಕಡಿಮೆ. ಅರಸನು ಊಟವನ್ನು ಮಾತ್ರ ಕೊಟ್ಟು ಸುಮ್ಮನಾಗಲಿಲ್ಲ. ಸೌಲನ ಹೊಲಗಳನ್ನು ತಿರಿಗಿ ಕೊಟ್ಟನು. ಕುಂಟನು ಹೊಲವನ್ನು ತಾನೇ ಉಳಲಾರನೆಂಬದನ್ನು ತಿಳಿದು, ಉಳುವದಕ್ಕೆ ಚೀಬನನ್ನು, ಅವನ ಹದಿನೈದು ಮಕ್ಕಳನ್ನು, ಇಪ್ಪತ್ತು ಆಳುಗಳನ್ನು ನೇಮಿಸಿದನು. ಎರಡು ಕಾಲುಗಳ ಬದಲಿಗೆ ಮೂವತ್ತಾರು ಜನರ ಕೈಗಳು! ಇದನ್ನು ಅವನು ಧರ್ಮವೆಂದು ಮಾಡಲಿಲ್ಲ. ಯೋನಾತಾನನಿಗೆ ಕೊಟ್ಟ ಮಾತಿನ ಸಾಲವನ್ನು ತೀರಿಸಿದನು. ಧರ್ಮಕ್ಕೂ ಸಾಲಕ್ಕೂ ಇರುವ ಅಂತರವೇನಂದರೆ, ಧರ್ಮವನ್ನು ಪಡೆದವನು ಕೈಮುಗಿಯಬೇಕು, ಸಾಲವನ್ನು ಪಡೆದುಕೊಂಡವನು ಮುಗಿಯಬೇಕಾದದ್ದಿಲ್ಲ.

ಇನ್ನು ಒಂದು ಖರ್ಚು ನಮ್ಮ ಕ್ರೈಸ್ತರಲ್ಲಿಯೇ ಹುಟ್ಟಿದ್ದು. ಅದನ್ನು ಬರೆಯುವದಕ್ಕೆ ನಾಚಿಕೆಯಾಗುತ್ತದೆ. ಆ ಹುಡುಗನಿಗೆ ನಾಲ್ಕು ವರುಷವಿದ್ದಾಗ ಯಾರೋ ಹೇಳಿದರೆಂದು ದೂರದ ಒಂದು ಸ್ವಸ್ಥತೆಯ ಕೂಟಕ್ಕೆ ಅವನನ್ನು ಹೊತ್ತುಕೊಂಡು ಹೋದರು. ಬಾಡಿಗೆ ಜೀಪು, ಮೂರು ದಿನದ ಖರ್ಚು, ಕಾಣಿಕೆ. ಎರಡು ಆಡುಗಳನ್ನು ಮಾರಿದರು. ಹುಡುಗನು ನಡೆಯಲಿಲ್ಲ. ಆಗ ಅವರಿಗೆ ದೊರೆತ ಉತ್ತರವೇನು? ತಂದೆತಾಯಿಗಳ ನಂಬಿಕೆ ಸಾಲದು, ಮನೆಯಲ್ಲಿ ಯಾವದೋ ಗುಪ್ತ ಪಾಪವುಂಟು ಎಂಬದು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ್ದೂ ಇದೇ, ಕರ್ತನು ಇಲ್ಲವೆಂದದ್ದೂ ಇದಕ್ಕೇ (ಯೋಹಾನ 9). ಪ್ರಾರ್ಥನೆಯನ್ನು ನಾನು ಬೇಡವೆನ್ನುವವನಲ್ಲ, ಆ ಮನೆಯಲ್ಲಿ ನಾನೂ ಪ್ರಾರ್ಥಿಸುತ್ತೇನೆ. ಆದರೆ ಎರಡು ಆಡುಗಳನ್ನು ತೆಗೆದುಕೊಂಡು ಬದಲಾಗಿ ಅಪರಾಧವನ್ನು ಹೊರಿಸಿ ಕಳುಹಿಸುವದು ಪ್ರಾರ್ಥನೆಯಲ್ಲ.

ಮುಂದಿನ ತಿಂಗಳು ಹಿರಿಯರ ಕೂಟದಲ್ಲಿ ಈ ಸಂಗತಿಯನ್ನು ಎತ್ತಿದೆನು. ಬಾಕಿಯನ್ನು ಅಳಿಸಬೇಕೆಂಬದಕ್ಕೆ ಯಾರೂ ಅಡ್ಡಿಮಾಡಲಿಲ್ಲ. ಆದರೆ ಸುಗ್ಗಿಯ ಕಾಣಿಕೆಯಿಂದ ಪ್ರತಿ ವರುಷವೂ ಅಂಥ ಮನೆಗಳಿಗೆ ಒಂದು ಪಾಲನ್ನು ತೆಗೆದಿಡಬೇಕೆಂದಾಗ ಗದ್ದಲವಾಯಿತು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುವರೆಂದು ಒಬ್ಬ ಹಿರಿಯರು ಹೇಳಿದರು. ಈ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವದಿಲ್ಲ. ನಮ್ಮ ಸಭೆಯಲ್ಲಿ ಉಳ್ಳವರು ಯಾರೂ ಇಲ್ಲ, ಕೊಡುವವನ ಮನೆಯಲ್ಲಿಯೂ ಕಾಳು ಅಳತೆಯದೇ. ಸರಕಾರವು ನೋಡಿಕೊಳ್ಳಲಿ ಎಂದು ಇನ್ನೊಬ್ಬರು ಅಂದರು. ಸರಕಾರದ್ದನ್ನು ತಪ್ಪದೆ ಪಡೆಯಬೇಕು. ಅಂಗವೈಕಲ್ಯದ ಗುರುತಿನ ಚೀಟಿಯನ್ನು ಮಾಡಿಸಬೇಕು. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನನ್ನು ಕಾಣಬೇಕು. ಇಂಥ ಮಕ್ಕಳಿಗೆ ವರುಷಕ್ಕೆ 1 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ವೆಚ್ಚವನ್ನು ಕೊಡುವ ನಿರಾಮಯ ಎಂಬ ವಿಮೆಯುಂಟು, ಅದಕ್ಕೆ ಹೆಸರು ಬರೆಸಬೇಕು. ಓದು ಬಾರದ ತಂದೆತಾಯಿಗಳ ಪರವಾಗಿ ಈ ಅರ್ಜಿಗಳನ್ನು ಬರೆಯುವದು ಉಪದೇಶಿಯ ಕೆಲಸವೇ ಎಂದು ನಾನು ಈಗ ತಿಳಿದುಕೊಂಡಿದ್ದೇನೆ. ಆದರೆ ಯಾವ ಅರ್ಜಿಯಿಂದಲೂ ಆ ತಾಯಿಗೆ ಒಂದು ಮಧ್ಯಾಹ್ನ ಸಿಕ್ಕುವದಿಲ್ಲ.

ಪಾಲನ್ನು ತೆಗೆದಿಡುವ ವಿಷಯವು ಆ ದಿನ ತೀರಲಿಲ್ಲ, ಇಂದಿಗೂ ಪೂರ್ತಿಯಾಗಿ ತೀರಿಲ್ಲ. ಆ ವರುಷ ಒಂದು ಚೀಲ ಜೋಳವನ್ನು ಕೊಟ್ಟೆವು, ಮರುವರುಷ ಮಳೆ ಹೋಯಿತು. ಕೂಟದಲ್ಲಿ ಹೆಂಗಸರ ಪರವಾಗಿ ಕೂತಿದ್ದ ಒಬ್ಬ ವಿಧವೆಯಾದ ಅಜ್ಜಿಯು ಕಡೆಯ ವರೆಗೂ ಮಾತಾಡಲಿಲ್ಲ. ಎಲ್ಲರೂ ಎದ್ದ ಮೇಲೆ, "ನನ್ನ ಹತ್ತಿರ ಕೊಡಲಿಕ್ಕೆ ಏನೂ ಇಲ್ಲ. ಮಂಗಳವಾರ ನನಗೆ ಕೆಲಸವಿಲ್ಲ, ಹುಡುಗನ ಹತ್ತಿರ ಕೂಡ್ರುತ್ತೇನೆ, ಅವಳು ಕೂಲಿಗೆ ಹೋಗಲಿ" ಅಂದಳು. ಮೊದಲನೆಯ ಎರಡು ಮಂಗಳವಾರ ಹುಡುಗನು ಅಜ್ಜಿಯ ಕೈಯಿಂದ ಉಣ್ಣಲೊಲ್ಲದೆ ಅತ್ತನು. ಮೂರನೆಯದರಲ್ಲಿ ಉಂಡನು. ಆ ದಿನ ತಾಯಿಯು ಕುಡಗೋಲನ್ನು ತೆಗೆದುಕೊಂಡು ಹೊರಟವಳು ಹೊಲದ ವರೆಗೆ ಹೋಗಲಿಲ್ಲ. ತವರಿನವರ ಕಟ್ಟೆಯ ಮೇಲೆ ಮಲಗಿ ಸಂಜೆಯ ವರೆಗೆ ನಿದ್ರೆಮಾಡಿದಳಂತೆ. ಅಜ್ಜಿಯು ಇದನ್ನು ನನಗೊಬ್ಬನಿಗೇ ಹೇಳಿದಳು. ಕೂಟದವರಿಗೆ ತಿಳಿಸಬೇಡಿರಿ, ಕೂಲಿಗೆ ಹೋದಳೆಂದೇ ಅನ್ನಿರಿ ಎಂದಳು.